ಐದು ಸೆಕೆಂಡಿನ ಗಂಟೆ

ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಕಣ್ಣು ಹಾಯಿಸುವುದು ಬಾಗಿಲ ಹಿಂದಿನ ಬುಟ್ಟಿಯ ಕಡೆಗೆ. ಬುಟ್ಟಿ ತುಂಬಿದ್ದರೆ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹೋಗಿ ತಿಳಿಸುತ್ತೇವೆ ಎಂದು ಎದ್ದುಬಿಡುತ್ತಾರೆ. ಪೂರ್ತಿ ಖಾಲಿಯಿದ್ದರೂ ಅನುಮಾನವೇ, ಬೆಳಿಗ್ಗೆ ಯಾರೋ ಕದ್ದು ಸುರಿದು ಬಂದಿದ್ದಾರೆ ಎಂದು. ತಳ ಮುಚ್ಚುವಷ್ಟು ಹರಳಿದ್ದರೆ ಒಳ್ಳೆಯ ಮನೆತನ. ಬಾಯಿಯವರೆಗೆ ಬಂದ ಮಾತನ್ನು ನುಂಗಿದರೆ ನಮ್ಮ ಕಾಲ ಬಳಿ ಒಂದು ಹರಳು ಬೀಳುತ್ತದೆ. ಹುಣಸೆಬೀಜದಷ್ಟು ಗಾತ್ರ, ಅದೇ ಬಣ್ಣ, ಬೀಳುವಾಗ ಟಕ್ಕೆಂದು ಸದ್ದು. ಸುಮ್ಮನೆ ಕೂತವರಿಂದ ಬೀಳುವುದಿಲ್ಲ. ಸುಮ್ಮನಿರುವುದು ಬೇರೆ, ನುಂಗುವುದು ಬೇರೆ. ಪ್ರತಿ ಸೋಮವಾರ ಪುರಸಭೆಯ ಗಾಡಿ ಬಂದು ಬುಟ್ಟಿಗಳನ್ನು ಖಾಲಿ ಮಾಡಿಕೊಂಡು ಹೋಗುತ್ತದೆ. ರಸ್ತೆಯ ಗುಂಡಿಗಳಿಗೆ ಅದನ್ನೇ ಸುರಿಯುತ್ತಾರೆ. ಮನೆಯ ಪಾಯಕ್ಕೆ ಮಾತ್ರ ಯಾರೂ ಬಳಸುವುದಿಲ್ಲ.

ಅಪ್ಪ ತೀರಿಕೊಂಡಾಗ ಅವರ ಮಂಚದ ಕೆಳಗಿನಿಂದ ಹದಿನಾಲ್ಕು ಬುಟ್ಟಿ ತೆಗೆದೆವು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ಮನೆಯಲ್ಲಿ ದಿನಕ್ಕೆ ಹತ್ತು ಮಾತೂ ಆಡುತ್ತಿರಲಿಲ್ಲ. ಗೋಡೆಯಾಚೆ ಅವರ ಕೋಣೆಯಲ್ಲಿ ಬೀಳುವ ಸದ್ದು ಕೇಳುತ್ತಲೇ ನಾನು ಪರೀಕ್ಷೆಗಳಿಗೆ ಓದಿದ್ದು. ಒಂದು ಸಲವಾದರೂ ಎದ್ದುಹೋಗಿ "ಏನಪ್ಪಾ?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಆ ಸದ್ದು ನಿಂತು ನಿಂತು ಬರುವುದನ್ನು, ನಡುವಿನ ಬಿಡುವನ್ನು ಆಲಿಸುವುದೇ ನನಗೊಂದು ಚಟವಾಗಿತ್ತು. ಆಮೇಲೆ ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಎರಡು ವರ್ಷ ಮನೆಯಲ್ಲಿ ಕೂತೆ. ಆಮೇಲೆ ದೇವೀರಮ್ಮನವರ ಪೋಕರ್ ಶಾಲೆಯಲ್ಲಿ ಕೆಲಸ ಸಿಕ್ಕಿತು.

ನಮ್ಮೂರವರು ತಮ್ಮತಮ್ಮಲ್ಲಿ ಇಸ್ಪೀಟು ಆಡುವುದಿಲ್ಲ. ಎಲೆ ಕೆಟ್ಟದು ಬಂದಾಗ "ಅಯ್ಯೋ" ಎನ್ನುವುದು ಬಾಯಿಗೆ ಬಂದೇ ಬರುತ್ತದೆ. ಅದನ್ನು ನುಂಗಿ ಮುಖ ಬಿಗಿದುಕೊಂಡು ಕೂತರೆ ಕೆಳಗೆ ಟಕ್ ಎನ್ನುತ್ತದೆ, ಎದುರಿನವನು ನಗುತ್ತಾನೆ, ಆಟ ಅಲ್ಲಿಗೆ ಮುಗಿಯಿತು. ಹೊರಗಿನವರ ಜೊತೆ ಕಂಪ್ಯೂಟರಿನಲ್ಲಿ ಆಡುವುದು ಬಂದ ಮೇಲೆ ಆ ತೊಂದರೆ ತಪ್ಪಿತು. ದೇವೀರಮ್ಮ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾಗಿದ್ದವರು. ಮುಖ ಕಾಣದ ಆಟದಲ್ಲಿ ಎದುರಾಳಿಯ ಗುಟ್ಟು ಬಿಟ್ಟುಕೊಡುವುದು ಅವನು ತೆಗೆದುಕೊಳ್ಳುವ ಹೊತ್ತು ಮಾತ್ರ ಎಂಬುದನ್ನು ಅವರು ಒಂದೇ ವಾರದಲ್ಲಿ ಕಂಡುಕೊಂಡರಂತೆ. "ತಂತಿ ಆ ಕಡೆ ಇರೋನು ಎಷ್ಟು ಹೊತ್ತು ಸುಮ್ಮನಿದ್ದ ಅನ್ನೋದ್ರಲ್ಲೇ ಅರ್ಧ ಸಮಾಚಾರ ಇರುತ್ತೆ. ಇದನ್ನ ನಾನು ಪೋಕರಿನಿಂದ ಕಲೀಬೇಕಾ?" ಎನ್ನುತ್ತಿದ್ದರು. ಅವರ ತಂಗಿಯ ಮಗ ಯೋಗಾನಂದ ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಎರಡು ಕೋಣೆ ಹಿಡಿದು ಶಾಲೆ ತೆರೆದ. ವಿದ್ಯಾರ್ಥಿಗಳೆಲ್ಲ ದೂರದ ಊರುಗಳವರು. ಗಂಟೆಗಿಷ್ಟು ಎಂದು ಶುಲ್ಕ.

"ನೋಡಿ, ದೊಡ್ಡಮ್ಮನಂಥ ಟೀಚರ್ ಎಲ್ಲೂ ಸಿಗಲ್ಲ," ಎಂದ ಯೋಗಾನಂದ, ಮೊದಲ ದಿನ. "ಆದ್ರೂ ಮೂರು ಪಾಠಕ್ಕೆ ಬಿಟ್ಟು ಓಡ್ತಾರೆ. ಯಾಕೆ ಅಂತ ಕಂಡುಹಿಡಿದು ಸರಿಮಾಡೋದು ನಿಮ್ಮ ಕೆಲಸ. ಬಂದೋರಿಗೆ ಖುಷಿ ಆಗ್ಬೇಕು, ಅಷ್ಟೆ."

ಅವರು ಯಾಕೆ ಓಡುತ್ತಾರೆ ಎಂದು ತಿಳಿಯಲು ಒಂದು ಪಾಠ ಕೇಳಿದರೆ ಸಾಕಿತ್ತು. ವಿದ್ಯಾರ್ಥಿ ತಾನು ಆಡಿದ ಒಂದು ಆಟವನ್ನು ಬರೆದು ಕಳಿಸಬೇಕು. ಅವನ ಕೈಯಲ್ಲಿದ್ದ ಎರಡು ಎಲೆ ಯಾವುವು, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿದ್ದ ಐದು ಯಾವುವು, ಅವನು ಎಲ್ಲಿ ಪಣ ಏರಿಸಿದ, ಎಲ್ಲಿ ಎಲೆ ಕೆಳಗಿಟ್ಟ, ಇಷ್ಟು. ದೇವೀರಮ್ಮ ಕ್ಯಾಮೆರಾದ ಕೆಳಗೆ ಹಸಿರು ಬಟ್ಟೆ ಹಾಸಿ, ಹಳೆಯ ಇಸ್ಪೀಟು ಕಟ್ಟಿನಿಂದ ಅದೇ ಎಲೆಗಳನ್ನು ಹುಡುಕಿ ಜೋಡಿಸುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ. "ಇಲ್ಲಿ ಯಾಕೆ ಏರಿಸಿದ್ರಿ?" ವಿದ್ಯಾರ್ಥಿ ಏನೋ ಹೇಳುತ್ತಿದ್ದ. ಅವರು ಹೂಂ ಎನ್ನದೆ ಕಾಯುತ್ತಿದ್ದರು. ಅವನು ಇನ್ನೇನೋ ಸೇರಿಸುತ್ತಿದ್ದ. ಮತ್ತೂ ಕಾಯುತ್ತಿದ್ದರು. ಒಮ್ಮೊಮ್ಮೆ ಎರಡು ನಿಮಿಷ. ಕೆಳಗಿನ ಗಿರಣಿಯ ಸದ್ದೊಂದೇ.

"ಮೊದಲನೇ ಉತ್ತರ ಪುಸ್ತಕದ್ದು ಕಣಪ್ಪ," ಎಂದರು ನಾನು ಕೇಳಿದಾಗ. "ಎರಡನೇದು ನನ್ನನ್ನ ಮೆಚ್ಚಿಸೋಕೆ. ಮೂರನೇದು ಅವನದು. ಅದು ಬರೋವರೆಗೂ ನಾನು ಹೇಳಿಕೊಡೋದು ಏನಿರುತ್ತೆ?"

ಅವರ ಕುರ್ಚಿಯ ಕೆಳಗೆ ನೋಡಿದೆ. ಒಂದು ಹರಳೂ ಇರಲಿಲ್ಲ. ಅವರು ಏನನ್ನೂ ನುಂಗುತ್ತಿರಲಿಲ್ಲ, ಬರೀ ಕಾಯುತ್ತಿದ್ದರು. ನಮ್ಮೂರಲ್ಲಿ ಅಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆದರೆ ದೂರುಗಳ ಕಡತ ಬೇರೆಯದೇ ಹೇಳುತ್ತಿತ್ತು. "ಒಂದು ಗಂಟೆಗೆ ದುಡ್ಡು ಕೊಟ್ಟು ಇಪ್ಪತ್ತು ನಿಮಿಷ ಮೌನ ಕೊಂಡುಕೊಂಡೆ." "ಟೀಚರ್ ನಿದ್ದೆ ಹೋದರೇ ಎಂದು ಎರಡು ಸಲ ಹಲೋ ಅಂದೆ." "ಉತ್ತರ ಗೊತ್ತಿದ್ದರೆ ಹೇಳಲಿ, ಇಲ್ಲವಾದರೆ ಗೊತ್ತಿಲ್ಲ ಅನ್ನಲಿ." ನಾನು ಇವನ್ನೆಲ್ಲ ಓದಿ ಒಂದು ತಿಂಗಳು ಯೋಚಿಸಿದೆ. ಮೌನವೆಂದರೆ ನನಗೆ ಇಷ್ಟ, ಅದಕ್ಕೇ ಆ ವಿಷಯದಲ್ಲಿ ನನ್ನ ಮೇಲೆ ನನಗೆ ನಂಬಿಕೆಯಿರಲಿಲ್ಲ. ಅಪ್ಪನ ಹದಿನಾಲ್ಕು ಬುಟ್ಟಿಗಳೂ ನೆನಪಾಗುತ್ತಿದ್ದವು. ಬಿಡುವೇ ಇಲ್ಲದಿದ್ದರೆ ಮನುಷ್ಯ ನುಂಗುವುದಾದರೂ ಯಾವಾಗ ಎಂದು ವಾದ ಹೂಡಿಕೊಂಡೆ.

ಮೊದಲು ಪಾಠಗಳ ಧ್ವನಿಮುದ್ರಿಕೆಗಳಿಗೆ ಕೈಹಾಕಿದೆ. ಪ್ರತಿ ಪಾಠವನ್ನೂ ಧ್ವನಿ ಮುದ್ರಿಸಿಕೊಂಡು ವಿದ್ಯಾರ್ಥಿಗೆ ಕಳಿಸುವ ಪದ್ಧತಿಯಿತ್ತು. ಮಾತಿಲ್ಲದ ಭಾಗಗಳನ್ನೆಲ್ಲ ಕತ್ತರಿಸಿ ಅಂಟಿಸಿದೆ. ಒಂದು ಗಂಟೆಯದು ಮೂವತ್ತೆಂಟು ನಿಮಿಷಕ್ಕೆ ಇಳಿಯಿತು. ಹಳೆಯವನ್ನೂ ಹಾಗೆಯೇ ಮಾಡಿ, ಜಾಗ ಸಾಲದೆ ಮೂಲ ಮುದ್ರಿಕೆಗಳನ್ನು ಅಳಿಸಿದೆ. ಆಮೇಲೆ ಗಂಟೆ. ಕಂಪ್ಯೂಟರಿನಲ್ಲಿ ಪಾಠದ ಕಿಟಕಿ ತೆರೆದಿರುವಾಗ ಐದು ಸೆಕೆಂಡು ಯಾರ ಮಾತೂ ಕೇಳದಿದ್ದರೆ ತಾನಾಗಿ ಒಂದು ಸಣ್ಣ ಗಂಟೆ ಬಾರಿಸುತ್ತದೆ, ಪರದೆಯ ಮೇಲೆ "ಮುಂದಿನ ಆಟಕ್ಕೆ ಹೋಗೋಣವೇ?" ಎಂದು ಬರುತ್ತದೆ. ಅದನ್ನು ನಿಲ್ಲಿಸುವ ಗುಂಡಿ ಪಕ್ಕದ ಕೋಣೆಯಲ್ಲಿ ನನ್ನ ಬಳಿ.

"ಇದೇನಪ್ಪಾ ಇದು, ಸ್ಕೂಲ್ ಬಿಟ್ಟ ಹಾಗೆ?" ಎಂದರು ದೇವೀರಮ್ಮ ಮೊದಲ ದಿನ.

"ದೊಡ್ಡಮ್ಮ, ಐದಕ್ಕೆ ನಾಲ್ಕೂ ಮುಕ್ಕಾಲು ನಕ್ಷತ್ರ ಬಂದಿದೆ ಈ ವಾರ!" ಯೋಗಾನಂದ ಬಾಗಿಲಿನಿಂದಲೇ ಕೂಗಿದ.

"ನಕ್ಷತ್ರ ಇಟ್ಕೊಂಡು ಪಂಚಾಂಗ ಬರಿ, ಹೋಗು."

ಹಾಗೆಂದರೂ ಅವರು ಗಂಟೆಗೆ ಒಗ್ಗಿಕೊಂಡರು. ಉತ್ತರವನ್ನು ತಾವೇ ಹೇಳತೊಡಗಿದರು. ವಿದ್ಯಾರ್ಥಿಗಳು ನಕ್ಕರು, ನಿಂತರು, ಗೆಳೆಯರನ್ನೂ ಕರೆತಂದರು. ನನಗೆ ಸಂಬಳ ಏರಿತು. ಪಾಠ ಮುಗಿದ ಮೇಲೆ ದೇವೀರಮ್ಮ ಎಲೆಗಳನ್ನು ಕಟ್ಟಿಗೆ ಸೇರಿಸುತ್ತ ಒಂದಷ್ಟು ಹೊತ್ತು ಒಬ್ಬರೇ ಕೂತಿರುತ್ತಿದ್ದರು. ಆಗಲೂ ಗಂಟೆ ಬಾರಿಸುತ್ತಿತ್ತು, ನಾನು ಎದ್ದುಹೋಗಿ ಪಾಠದ ಕಿಟಕಿ ಮುಚ್ಚುತ್ತಿದ್ದೆ.

ಹಳೆಯ ವಿದ್ಯಾರ್ಥಿಗಳಲ್ಲಿ ವೃಷಭೇಂದ್ರ ಎಂಬವರಿದ್ದರು. ಕಡಲ ಕಡೆಯ ಒಂದು ಊರನ್ನು ತಮ್ಮ ವಿಳಾಸವೆಂದು ಕೊಟ್ಟಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ಬುಧವಾರ, ಶನಿವಾರ ಬೆಳಿಗ್ಗೆ ಏಳಕ್ಕೆ ಪಾಠ. ಕ್ಯಾಮೆರಾ ಹಚ್ಚುತ್ತಿರಲಿಲ್ಲ, ದನಿ ಮಾತ್ರ. ಆ ದೀರ್ಘ ಮೌನಗಳ ಬಗ್ಗೆ ಒಮ್ಮೆಯೂ ದೂರು ಕೊಡದ ಒಬ್ಬರೇ ಒಬ್ಬರು ಅವರು. ಅವರ ಮುದ್ರಿಕೆ ಕತ್ತರಿಸುವಾಗ ನಡುನಡುವೆ ಟಕ್ ಎಂಬ ಸದ್ದು ಕೇಳಿಸಿತ್ತು. ಹೊರಗಿನವರಿಗೆ ಹರಳು ಬೀಳುವುದಿಲ್ಲ. ದೇವೀರಮ್ಮನದಂತೂ ಅಲ್ಲ. ಪಕ್ಕದ ಕೋಣೆಯ ನನ್ನದೇ ಇರಬೇಕು, ಮೈಕು ಎಳೆದುಕೊಂಡಿದೆ ಎಂದುಕೊಂಡು ಅವನ್ನೂ ಕತ್ತರಿಸಿದೆ.

ಒಂದು ಶನಿವಾರ ಆರೂಮುಕ್ಕಾಲಿಗೆ ದೇವೀರಮ್ಮ ನನ್ನ ಬಾಗಿಲಿಗೆ ಬಂದರು. "ಇವತ್ತು ವೃಷಭೇಂದ್ರ ಅವರ ಪಾಠಕ್ಕೆ ಆ ಗಂಟೆ ಬೇಡ ಕಣಪ್ಪ."

"ಯಾಕಮ್ಮ?"

"ಬೇಡ ಅಂದೆ. ಒಂದು ದಿವಸ."

"ನೋಡ್ತೀನಮ್ಮ," ಎಂದೆ. ಆಗುವುದಿಲ್ಲ ಎಂದು ಹೇಳುವವನಿದ್ದೆ. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕು, ಮತ್ತೆ ಹಳೆಯದೇ ಶುರು. ಹೇಳಲಿಲ್ಲ. ನನ್ನ ಚಪ್ಪಲಿಯ ಪಕ್ಕ ಟಕ್ ಎಂದಿತು. ಅವರು ಅದನ್ನು ನೋಡಿದರು, ಹೋಗಿ ಕೂತರು.

ಪಾಠ ಶುರುವಾಯಿತು. ನಾನು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ವೃಷಭೇಂದ್ರ ಕಳಿಸಿದ ಆಟವನ್ನು ದೇವೀರಮ್ಮ ಜೋಡಿಸುತ್ತಿದ್ದರು. ಮೇಜಿನ ಐದು ಎಲೆಗಳಲ್ಲಿ ಕೆಂಪು ಹೃದಯದ ಗುರುತಿನ ಆಟೀನ್ ರಾಜ ಒಂದು. ಆಮೇಲೆ ವೃಷಭೇಂದ್ರರ ಕೈಯಲ್ಲಿದ್ದ ಎರಡು. ಒಂದು ಆಟೀನ್ ಎಕ್ಕ, ಸಿಕ್ಕಿತು. ಇನ್ನೊಂದಕ್ಕೆ ಕಟ್ಟನ್ನೆಲ್ಲ ಹುಡುಕಿದರು. ಕ್ಯಾಮೆರಾದ ಕೆಳಗೆ ಅವರ ಬೆರಳು ಎಲೆಗಳ ಮೇಲೆ ಮೆಲ್ಲಗೆ ಓಡುತ್ತಿತ್ತು.

"ಸಾರ್," ಎಂದರು. "ನಿಮ್ಮ ಕೈಯಲ್ಲೂ ಆಟೀನ್ ರಾಜ ಅಂತ ಬರ್ದಿದೀರಿ. ಮೇಜಿನ ಮೇಲೂ ಆಟೀನ್ ರಾಜ. ಒಂದು ಕಟ್ಟಿನಲ್ಲಿ ಒಬ್ಬನೇ ಅಲ್ವಾ ಇರೋದು? ಇನ್ನೊಬ್ಬನ್ನ ಎಲ್ಲಿಂದ ತರ್ಲಿ ನಾನು?"

ಆ ಕಡೆ ಸದ್ದಿಲ್ಲ.

"ಯಾಕೆ ಹೀಗಾಯ್ತು ಸಾರ್?" ಎಂದು ಕೇಳಿ ದೇವೀರಮ್ಮ ಕೈ ಕಟ್ಟಿಕೊಂಡು ಕೂತರು.

ಒಂದು. ಎರಡು. ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಮೂರು. ಆ ಕಡೆ ಅವರು ಉಸಿರೆಳೆದುಕೊಂಡದ್ದು ಕೇಳಿಸಿತು, ಮಾತಾಡುವ ಮುಂಚೆ ಎಳೆದುಕೊಳ್ಳುವ ಉಸಿರು. ನಾಲ್ಕು. ಗಂಟೆ ಬಾರಿಸಿತು. ಟಕ್.

ವೃಷಭೇಂದ್ರ ನಕ್ಕರು. ಕೊಡೆ ಮರೆತು ಮಳೆಯಲ್ಲಿ ನಿಂತವನಿಗೆ ಬಸ್ಸು ಬಂದಾಗ ಆಗುವಂಥ ಸಮಾಧಾನ ಆ ನಗುವಿನಲ್ಲಿತ್ತು. "ಬರೆಯೋವಾಗ ತಪ್ಪಾಗಿದೆ ಟೀಚರ್. ಮುಂದಿನದಕ್ಕೆ ಹೋಗೋಣ."

ಎಂಟು ಗಂಟೆಗೆ ಅವರ ಅಭಿಪ್ರಾಯ ಬಂತು. ಐದು ನಕ್ಷತ್ರ. ಕೆಳಗೆ ಒಂದು ಸಾಲು: "ಈಗ ಪಾಠದಲ್ಲಿ ಸಮಯ ವ್ಯರ್ಥವಾಗುವುದಿಲ್ಲ. ಧನ್ಯವಾದಗಳು."

ಬುಧವಾರ ಅವರು ಬರಲಿಲ್ಲ. ಶನಿವಾರವೂ ಇಲ್ಲ. ಕಳಿಸಿದ ಸಂದೇಶಗಳಿಗೆ ಉತ್ತರವಿಲ್ಲ. ಎರಡನೆಯ ಶನಿವಾರ ಏಳು ಗಂಟೆಗೆ ದೇವೀರಮ್ಮ ಹಸಿರು ಬಟ್ಟೆ ಹಾಸಿ ಕೂತೇ ಇದ್ದರು. ನಾನು ಕಾಫಿ ಇಡಲು ಹೋದೆ.

"ಅವರು ಆಟಾನೇ ಆಡ್ತಿರಲಿಲ್ಲ ಕಣಪ್ಪ," ಎಂದರು ನನ್ನನ್ನು ನೋಡದೆ. "ಮೂರು ವಾರದಿಂದ ಒಂದೇ ಆಟ ತರ್ತಿದ್ರು, ಬಣ್ಣ ಬದಲಾಯಿಸ್ಕೊಂಡು. ಒಂದು ಸಲ ಇಸ್ಪೀಟಿನ ಎಕ್ಕ ರಾಜ, ಒಂದು ಸಲ ಕಳಾವರು. ಅವತ್ತು ತಮ್ಮ ಕೈಯದ್ದನ್ನ ಆಟೀನ್ ಮಾಡಿದ್ರು, ಮೇಜಿನ ಮೇಲೆ ಆಟೀನ್ ರಾಜ ಮೊದಲೇ ಇದ್ದದ್ದು ಮರೆತ್ರು."

"ಆಡದೆ ಪಾಠಕ್ಕೆ ಯಾಕೆ ದುಡ್ಡು ಕಟ್ತಿದ್ರು?"

"ವಾರಕ್ಕೆರಡು ಸಲ ಯಾರಾದ್ರೂ 'ಯಾಕೆ' ಅಂತ ಕೇಳಿ, ಉತ್ತರಕ್ಕೆ ಕಾಯೋರು ಬೇಕಿತ್ತೇನೋ." ಅವರು ಕುರ್ಚಿ ಹಿಂದೆ ಸರಿಸಿದರು. ಕೆಳಗೆ ಮೂರು ಹರಳು ಬಿದ್ದಿದ್ದವು. "ಗೊತ್ತಿದ್ರೂ ಹೇಳಲಿಲ್ಲ. ಅವರ ಬಾಯಿಂದಲೇ ಬರಲಿ ಅಂತ ಬಿಟ್ಟೆ. ನನ್ನದೂ ಬಿತ್ತು ನೋಡು, ಈ ವಯಸ್ಸಿನಲ್ಲಿ."

ಗಂಟೆಯ ಮಾತು ಅವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಅವರಲ್ಲಿ ಆ ಮಾತೇ ಇರಲಿಲ್ಲವೆಂದು ಕಾಣುತ್ತದೆ, ಯಾಕೆಂದರೆ ನಾಲ್ಕನೆಯ ಹರಳು ಬೀಳಲಿಲ್ಲ.

ಮೂರನೆಯ ವಾರ, ಮಧ್ಯಾಹ್ನ, ಗಿರಣಿ ನಿಂತಿದ್ದ ಹೊತ್ತಿನಲ್ಲಿ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಮೂರು ಅಂತಸ್ತಿನ ಟಿಫನ್ ಕ್ಯಾರಿಯರ್. ಯೋಗಾನಂದ ಊರಲ್ಲಿರಲಿಲ್ಲ. ದೇವೀರಮ್ಮ ಒಳಗೆ ಪಾಠದ ಎಲೆ ಜೋಡಿಸುತ್ತಿದ್ದರು.

"ಇದು ಇಸ್ಪೀಟಿನ ಶಾಲೆನಾ?" ಎಂದರು. "ನಾನು ಸರ್ವಮಂಗಳ. ವೃಷಭೇಂದ್ರ ಅವರ ಮನೆಯವಳು. ಗಾಣದ ಬೀದಿ."

ಗಾಣದ ಬೀದಿ ನಮ್ಮ ಗಿರಣಿಯಿಂದ ನಾಲ್ಕನೆಯ ತಿರುವು. ಕೂತುಕೊಳ್ಳಿ ಎನ್ನಲೂ ನನಗೆ ತೋಚಲಿಲ್ಲ. ಅವರೇ ಹೇಳಿದರು, ನಿಂತುಕೊಂಡೇ. ಬುಧವಾರ ಶನಿವಾರ ಬೆಳಿಗ್ಗೆ ಗಂಡ ಆಫೀಸಿನ ಮೀಟಿಂಗ್ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಎಂಟೂವರೆಗೆ ಕ್ಯಾರಿಯರ್ ಹಿಡಿದು ಹೊರಡುತ್ತಿದ್ದರು. ಆ ಶನಿವಾರ "ಬರ್ತೀನಿ" ಎಂದು ಹೋದವರು ಬರಲಿಲ್ಲ. ಆಫೀಸಿನಲ್ಲಿ ವಿಚಾರಿಸಿದರೆ, ಅವರ ವಿಭಾಗವನ್ನೇ ಮುಚ್ಚಿ ಏಳು ತಿಂಗಳಾಯಿತು ಎಂದರು. ಪೊಲೀಸರು ಬರೆದುಕೊಂಡಿದ್ದಾರೆ. ಕಂಪ್ಯೂಟರಿನಲ್ಲಿ ಈ ಶಾಲೆಯ ಹೆಸರು ಸಿಕ್ಕಿತು.

"ಅವತ್ತು ಕ್ಯಾರಿಯರ್ ಬಿಟ್ಟುಹೋಗಿದ್ರು," ಎನ್ನುತ್ತ ಅದನ್ನು ಮೇಜಿನ ಮೇಲಿಟ್ಟು ಕೆಳಗಿನ ಡಬ್ಬಿ ಬಿಚ್ಚಿದರು. ಕಂಠದವರೆಗೆ ಹರಳು. "ಕೆಳಗಿನ ಡಬ್ಬಿ ಖಾಲಿ ಇಡು, ದಾರೀಲಿ ಹಣ್ಣು ತಗೋತೀನಿ ಅನ್ನೋರು. ಮನೆ ಬುಟ್ಟೀಲಿ ಯಾವತ್ತೂ ತಳ ಮುಚ್ಚೋವಷ್ಟೇ ಇರ್ತಿತ್ತು. ನಮ್ಮದು ಎಷ್ಟು ಚೆನ್ನಾಗಿರೋ ಸಂಸಾರ ಅಂತ ನಾನು ಅಕ್ಕಪಕ್ಕದೋರ ಹತ್ರ ಜಂಬ ಕೊಚ್ಕೋತಿದ್ದೆ."

ನಾನು ಡಬ್ಬಿಯನ್ನೇ ನೋಡುತ್ತಿದ್ದೆ.

"ಇಲ್ಲಿ ಏನಾದ್ರೂ ಹೇಳಿದ್ರಾ? ಎಲ್ಲಿಗೆ ಹೋಗ್ತೀನಿ ಅಂತ, ಏನು ಅಂತ? ಪಾಠ ಎಲ್ಲಾ ರೆಕಾರ್ಡ್ ಮಾಡಿರ್ತೀರಂತಲ್ಲ. ಒಂದು ಸಲ ಕೇಳಿಸಿ."

ಕೇಳಿಸಿದೆ. ಮೊದಲನೆಯದು, ಎರಡನೆಯದು, ಐದನೆಯದು. ವೃಷಭೇಂದ್ರರ ದನಿ ಚುರುಕಾಗಿ, ಸರಸರನೆ, ಪ್ರಶ್ನೆಗೆ ಉತ್ತರ, ಉತ್ತರದ ಬೆನ್ನಿಗೆ ಇನ್ನೊಂದು ಉತ್ತರ, ಎಲ್ಲೂ ತಡವರಿಕೆಯಿಲ್ಲ. ಸರ್ವಮಂಗಳ ತಲೆ ಬಗ್ಗಿಸಿ ಕೇಳಿದರು. ಆಮೇಲೆ ಇಲ್ಲವೆಂದು ತಲೆಯಾಡಿಸಿದರು.

"ದನಿ ಅವರದ್ದೇ. ಆದ್ರೆ ಇದು ಅವರಲ್ಲ ಕಣ್ರೀ. ಒಂದು ಮಾತಿಗೂ ಇನ್ನೊಂದಕ್ಕೂ ಮಧ್ಯ ಒಲೆ ಮೇಲೆ ಹಾಲು ಉಕ್ಕುವಷ್ಟು ಹೊತ್ತು ತಗೊಳ್ಳೋ ಮನುಷ್ಯ ಅವರು. ನಾನು ಅದಕ್ಕೇ ಬಯ್ತಿದ್ದೆ. ಮಧ್ಯ ಮಧ್ಯ ನಾನು ದೋಸೆಗೆ ಕೂಗ್ತಿದ್ದೆ, ಪಾಪು ಬಾಗಿಲು ಬಡೀತಿತ್ತು. ಅದೆಲ್ಲ ಎಲ್ಲಿ ಹೋಯ್ತು?"

ಅದೆಲ್ಲ ನನ್ನ ಕತ್ತರಿಯ ಕೆಳಗೆ ಹೋಗಿತ್ತು. ಹನ್ನೊಂದು ತಾಸಿನಷ್ಟು. ಅವರು ಹೆಂಡತಿಗೆ ಉತ್ತರ ಕೊಡದೆ ಕೂತ ಹೊತ್ತು, ಮಗು ಬಾಗಿಲು ಬಡಿದಾಗ ಅವರು ಏಳದೆ ಇದ್ದ ಹೊತ್ತು, ಮೂರನೆಯ ಉತ್ತರ ಬಾಯಿಗೆ ಬಂದು ಹಿಂದೆ ಹೋದ ಹೊತ್ತು. ಮೂಲ ಒಂದೂ ಉಳಿದಿರಲಿಲ್ಲ. ಕೊನೆಯ ಪಾಠ ಒಂದನ್ನು ಬಿಟ್ಟು. ಅದಕ್ಕೆ ಕೈಹಾಕಲು ನನಗೆ ಈ ಮೂರು ವಾರ ಆಗಿರಲಿಲ್ಲ.

ಪಾಠದ ಕಿಟಕಿ ತೆರೆದು ಅದನ್ನು ಹಾಕಿದೆ. ದೇವೀರಮ್ಮನ ಪ್ರಶ್ನೆ ಬಂತು. ಯಾಕೆ ಹೀಗಾಯ್ತು ಸಾರ್. ಆಮೇಲೆ ಏನೂ ಇಲ್ಲದ ಆ ಜಾಗ. ದೂರದಲ್ಲಿ ಕಾವಲಿಯ ಮೇಲೆ ಏನೋ ಚುಂಯ್ ಎಂದಿತು. ಸರ್ವಮಂಗಳ ತಟ್ಟನೆ ತಲೆಯೆತ್ತಿದರು. "ಅದು ನಾನು," ಎಂದರು. ಉಸಿರು. ಗಂಟೆ. ಟಕ್.

"ಇನ್ನೊಂದು ಸಲ."

ಮತ್ತೆ ಹಾಕಿದೆ. ಟಕ್ ಎಂದದ್ದೇ ಅವರು ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಹರಳನ್ನು ಅಂಗೈಯಲ್ಲಿಟ್ಟುಕೊಂಡರು. "ಕಸ ಗುಡಿಸೋವಾಗ ಮೇಜಿನ ಕಾಲ ಹತ್ರ ಸಿಕ್ತು. ಇದೊಂದನ್ನ ಎತ್ಕೊಂಡಿರಲಿಲ್ಲ ಅವರು. ಯಾಕೆ ಬಿಟ್ರು ಅಂತ ಯೋಚಿಸ್ತಿದ್ದೆ." ಅದನ್ನು ತಿರುಗಿಸಿ ನೋಡಿದರು. "ಹೇಳೋಕೆ ಹೊರಟಿದ್ರು, ಅಲ್ವಾ? ಉಸಿರು ಎಳ್ಕೊಂಡ್ರು. ಆಮೇಲೆ ಯಾಕೆ ನಿಲ್ಲಿಸಿದ್ರು?"

ಉತ್ತರ ನನ್ನ ಬಾಯಿಯವರೆಗೆ ಬಂತು. ಗಂಟಲಿನಲ್ಲಿ ಅದರ ಆಕಾರ ಗೊತ್ತಾಗುವಷ್ಟು ಹತ್ತಿರ. ಅದನ್ನು ನುಂಗಿದೆ. ನನ್ನ ಕುರ್ಚಿಯ ಕೆಳಗೆ ಟಕ್ ಎಂದು ಬಿತ್ತು, ಉರುಳಿಕೊಂಡು ಹೋಗಿ ಅವರ ಪಾದಕ್ಕೆ ತಾಗಿ ನಿಂತಿತು.

ಸರ್ವಮಂಗಳ ಅದನ್ನು ನೋಡಿದರು. ಆಮೇಲೆ ನನ್ನನ್ನು. ಬಗ್ಗಿ ಹರಳನ್ನು ಎತ್ತಿಕೊಂಡರು, ಡಬ್ಬಿಗೆ ಹಾಕಲಿಲ್ಲ, ಗಂಡನದ್ದರ ಪಕ್ಕದಲ್ಲಿ ಅಂಗೈಯಲ್ಲೇ ಇಟ್ಟುಕೊಂಡರು. ಕುರ್ಚಿ ಎಳೆದುಕೊಂಡು, ಬಂದಾಗಿನಿಂದ ಮೊದಲ ಸಲ, ಕೂತರು.

"ಹೇಳಿ," ಎಂದರು.

ಒಳಗೆ ದೇವೀರಮ್ಮನ ಎಲೆಗಳ ಸದ್ದು ನಿಂತಿತು. ಐದು ಸೆಕೆಂಡು ಕಳೆದವು. ಪಾಠದ ಕಿಟಕಿ ತೆರೆದೇ ಇದ್ದದ್ದರಿಂದ ಗಂಟೆ ಬಾರಿಸಿತು, ಪರದೆಯ ಮೇಲೆ ಮುಂದಿನ ಆಟಕ್ಕೆ ಹೋಗೋಣವೇ ಎಂದು ಬಂತು. ಅವರು ಅತ್ತ ನೋಡಲಿಲ್ಲ. ಇನ್ನೊಮ್ಮೆ ಬಾರಿಸಿತು. ನನ್ನ ಕೈ ಗುಂಡಿಯವರೆಗೆ ಹೋಯಿತು. ಮೂರು ವಾರದ ಹಿಂದೆ ಒತ್ತದೆ ಬಿಟ್ಟಿದ್ದನ್ನು ಈ ಸಲ ಒತ್ತಿತು. ಆಮೇಲೆ ಯಾವ ಸದ್ದೂ ಇರಲಿಲ್ಲ.

"ಆ ಗಂಟೆ ಇಟ್ಟವನು ನಾನು, ಅಮ್ಮಾ," ಎಂದೆ.

ಅವರು ಎದ್ದು ಹೋಗಲಿಲ್ಲ. ಅದು ನನ್ನ ಮೊದಲನೆಯ ಉತ್ತರ ಎಂಬುದು ಅವರಿಗೆ ಹೇಗೋ ಗೊತ್ತಾಗಿತ್ತು. ಎರಡು ಹರಳುಗಳ ಮೇಲೆ ಬೆರಳು ಮಡಚಿಕೊಂಡು, ನನ್ನ ಮುಖ ನೋಡುತ್ತ, ಕಾದರು.